ಹೊರಗಿನ ಕೋಣೆ

ನಿಧಾನಕ್ಕೆ ಹೋಗು ಎಂದು ಮಂಜಮ್ಮ ಎರಡು ಸಲ ಹೇಳಿದಳು. ಡ್ರೈವರ್ ಮಾಯಣ್ಣ ನಿಧಾನ ಮಾಡಲಿಲ್ಲ. ಸಂಜೆಯೊಳಗೆ ಫ್ಯಾಕ್ಟರಿಯಲ್ಲಿ ಲಾರಿ ತುಂಬಬೇಕು, ಅದು ಅವನಿಗೂ ಗೊತ್ತು, ಅವಳಿಗೂ ಗೊತ್ತು. ಕಂದಿಕೆರೆ ದಾಟಿದ ಮೇಲೆ ತೆಂಗಿನ ತೋಟಗಳು ತೆಳ್ಳಗಾಗಿ ಹುರುಳಿ ಹೊಲ, ಬೋಳು ಗುಡ್ಡ ಶುರುವಾಗುತ್ತವೆ. ಇನ್ನು ಕಾಲು ಗಂಟೆಗೆ ಅವಳ ಊರು, ಗೊಲ್ಲರ ಹಟ್ಟಿ. ಆ ಕಾಲು ಗಂಟೆ ಅರ್ಧ ಗಂಟೆಯಾಗಲಿ, ಟೈರು ಪಂಕ್ಚರ್ ಆಗಲಿ, ಕುರಿಮಂದೆ ಬಂದು ರಸ್ತೆ ಕಟ್ಟಲಿ ಎಂದು ಅವಳು ಬಯಸುತ್ತಿದ್ದಳು. ಕುರಿಮಂದೆ ಬರಲಿಲ್ಲ. ಬೇಡದ ದಿನ ಮೂರು ಮಂದೆ ಬರುತ್ತವೆ. ವ್ಯಾನಿನ ಹಿಂದಿನ ಖಾಲಿ ಸೀಟುಗಳು ಗಡಗಡ ಅನ್ನುತ್ತಿದ್ದವು. ಮಾರ್ಚಿನವರೆಗೆ ಅವಳು ಕೂರುತ್ತಿದ್ದದ್ದು ಅಲ್ಲೇ, ಹದಿನೆಂಟು ಹೆಂಗಸರ ಮಧ್ಯೆ, ಒಬ್ಬಳ ಮೊಣಕಾಲು ಇನ್ನೊಬ್ಬಳ ಸೊಂಟಕ್ಕೆ ತಾಗಿಕೊಂಡು. ಈಗ ಮುಂದಿನ ಸೀಟು. ಮೇಸ್ತ್ರಿಗೆ ಮುಂದಿನ ಸೀಟು ಎಂದು ಯಾರೂ ಹೇಳಿರಲಿಲ್ಲ. ಮೊದಲನೇ ದಿನ ಅವಳೇ ಹತ್ತಿ ಕೂತಿದ್ದಳು, ಹಿಂದಿನಿಂದ ಒಂದು ಮಾತೂ ಬಂದಿರಲಿಲ್ಲ.

ಬೆಳಿಗ್ಗೆ ಶಿವಮೂರ್ತಿ ಕರೆದಾಗ ಅವಳು ಕುರ್ಚಿಯಿಂದ ಏಳುವಷ್ಟರಲ್ಲಿ ಅವನೇ ಬಂದುಬಿಟ್ಟಿದ್ದ. ಕಾಯಿಪುಡಿ ಫ್ಯಾಕ್ಟರಿಯ ಯಜಮಾನ ಹೆಂಗಸರು ಕೂರುವ ಶೆಡ್ಡಿಗೆ ಬರುವುದು ಅಪರೂಪ. ನೆಲದ ಮೇಲೆ ಹರಿಯುವ ಹುಳಿ ನೀರು ಬೂಟಿಗೆ ತಾಗದಂತೆ ಕಾಲೆತ್ತಿ ಇಡುತ್ತಾ ಬಂದು, ಫೋನು ನೋಡಿಕೊಂಡೇ ಮಾತಾಡಿದ. "ನಿಮ್ಮ ಹಟ್ಟಿ ಜುಂಜಮ್ಮ ಎರಡು ದಿನದಿಂದ ಇಲ್ಲ. ಮೈಕ್ ಹಿಡ್ಕೊಂಡು ಹೇಳಿದ್ದು ನೀನೇ ತಾನೆ, ಇನ್ಮೇಲೆ ನಮ್ಮ ಹೆಂಗಸ್ರು ಆ ಕಾರಣಕ್ಕೆ ರಜ ಹಾಕಲ್ಲ ಅಂತ? ಇಬ್ಬರ ಕೆಲಸ ಒಬ್ಬಳೇ ಮಾಡೋಳು ಅವಳು. ವ್ಯಾನ್ ತಗೊಂಡೋಗಿ ಕರ್ಕೊಂಡು ಬಾ. ಆಗಲ್ಲ ಅಂದ್ರೆ ಈಗ್ಲೇ ಹೇಳ್ಬುಡು, ಆ ಕುರ್ಚಿಲಿ ಚಿಕ್ಕಗೌರಮ್ಮನ್ನ ಕೂರಿಸ್ತೀನಿ." ನಾಲ್ಕು ಮಾರು ದೂರದಲ್ಲಿ ಚಿಕ್ಕಗೌರಮ್ಮ ಕಾಯಿ ಹೆರೆಯುತ್ತಿದ್ದಳು. ತಲೆ ಎತ್ತಲಿಲ್ಲ. ಅವಳ ಚಾಕು ಮಾತ್ರ ಒಂದು ಕ್ಷಣ ನಿಂತು ಮತ್ತೆ ಶುರುವಾಯಿತು. ಆ ನಿಂತ ಕ್ಷಣ ಮಂಜಮ್ಮನ ಕಿವಿಯಲ್ಲಿ ಇನ್ನೂ ಇದೆ. "ಕರ್ಕೊಂಡು ಬತ್ತೀನಿ ಬುಡಿ ಸಾ" ಎಂದಿದ್ದಳು. ಎಷ್ಟು ಬೇಗ ಅಂದುಬಿಟ್ಟಳು. ಯೋಚನೆ ಮಾಡಿದಂತೆ ನಟಿಸುವಷ್ಟು ಮರ್ಯಾದೆಯೂ ಉಳಿದಿರಲಿಲ್ಲ.

ಕೆಂಪು ಪ್ಲಾಸ್ಟಿಕ್ ಕುರ್ಚಿ. ಒಂದು ಕಾಲು ಸೀಳಿದೆ, ತಂತಿ ಸುತ್ತಿದ್ದಾರೆ. ಇಪ್ಪತ್ತೆರಡು ವರ್ಷ ಗೇಣೆತ್ತರದ ಮಣೆಯ ಮೇಲೆ ಮಂಡಿ ಮಡಿಸಿ ಕೂತು, ಚಿಪ್ಪು ಕಳಚಿದ ಕಾಯಿಯನ್ನು ಎಡಗೈಯಲ್ಲಿ ತಿರುಗಿಸುತ್ತಾ, ಬಲಗೈಯ ಚಾಕುವಿನಿಂದ ಅದರ ಕಂದು ಸಿಪ್ಪೆ ಹೆರೆದು ಬೆಳ್ಳಗೆ ಮಾಡಿ ನೀರಿನ ಟಬ್ಬಿಗೆ ಹಾಕಿದವಳಿಗೆ ಕುರ್ಚಿ ಅಂದರೆ ಏನು ಎಂದು ಶಿವಮೂರ್ತಿಗೆ ಗೊತ್ತಿಲ್ಲ, ಅಥವಾ ಚೆನ್ನಾಗಿ ಗೊತ್ತಿದೆ. ಸಂಜೆಯಾದರೆ ಬೆರಳುಗಳು ಹೆಣದ ಬೆರಳಿನಂತೆ ಬಿಳುಚಿಕೊಂಡು ಸುಕ್ಕಾಗುತ್ತಿದ್ದವು. ಅನ್ನ ಕಲಸಿದರೆ ಖಾರ ಉರಿಯುತ್ತಿತ್ತು. ಮೊಣಕಾಲು ಎದ್ದು ನಿಲ್ಲುವಾಗ ಒಣ ಕಡ್ಡಿ ಮುರಿದಂತೆ ಸದ್ದು ಮಾಡುತ್ತಿತ್ತು. ಡಾಕ್ಟರು ನೆಲದ ಮೇಲೆ ಕೂರಬೇಡಿ ಎಂದಿದ್ದರು, ಅವರ ಆಸ್ಪತ್ರೆಯ ಜಗಲಿಯಲ್ಲಿ ಎರಡು ಗಂಟೆ ನೆಲದ ಮೇಲೆ ಕೂತು ಕಾದ ಮೇಲೆ. ಈಗ ಕುರ್ಚಿಯಿಂದ ಇಳಿಸಿದರೆ ಮತ್ತೆ ಮಣೆ. ಆಗುವುದಿಲ್ಲ. ಕೋಪದಿಂದಲ್ಲ, ಹಟದಿಂದಲ್ಲ, ಕಾಲೇ ಮಡಚುವುದಿಲ್ಲ. ಮಣೆ ಆಗದವಳಿಗೆ ಆ ಶೆಡ್ಡಿನಲ್ಲಿ ಬೇರೆ ಕೆಲಸವಿಲ್ಲ.

ಮೈಕು. ಮಾರ್ಚಿನಲ್ಲಿ ಮಹಿಳಾ ದಿನ ಎಂದು ಫ್ಯಾಕ್ಟರಿ ಅಂಗಳದಲ್ಲಿ ಶಾಮಿಯಾನ ಹಾಕಿಸಿದ್ದರು. ತಾಲ್ಲೂಕಿನಿಂದ ಒಬ್ಬರು ಮೇಡಂ ಬಂದಿದ್ದರು. ಮಂಜಮ್ಮ ಏಳನೇ ಕ್ಲಾಸು ಓದಿದವಳು, ಓದಲು ಬರುತ್ತದೆ ಎಂದು ಶಿವಮೂರ್ತಿ ಒಂದು ಹಾಳೆ ಕೊಟ್ಟಿದ್ದ. ಮುಟ್ಟು ಮೈಲಿಗೆಯಲ್ಲ. ಅದು ಮೈಯ ಸಹಜ ಕೆಲಸ. ಹೆಣ್ಣುಮಕ್ಕಳನ್ನು ಮೂರು ದಿನ ಹಟ್ಟಿಯ ಹೊರಗೆ ಕೂರಿಸುವುದು ತಪ್ಪು. ಆ ದಿನ ಕಾಯಿ ಮುಟ್ಟಬಾರದು ಅನ್ನುವುದು ಮೂಢನಂಬಿಕೆ, ನಾವು ಅದನ್ನು ಬಿಟ್ಟಿದ್ದೇವೆ, ಎಲ್ಲ ದಿನವೂ ಕೆಲಸಕ್ಕೆ ಬರುತ್ತೇವೆ. ಮೇಡಂ ಎದ್ದು ನಿಂತು ಚಪ್ಪಾಳೆ ತಟ್ಟಿದರು, ಶಾಲು ಹೊದಿಸಿದರು, ತಬ್ಬಿಕೊಂಡರು. ಅವರ ಕಣ್ಣಲ್ಲಿ ನಿಜವಾಗಿಯೂ ನೀರಿತ್ತು. ಮಾರನೇ ದಿನ ಪೇಪರಿನಲ್ಲಿ ಫೋಟೋ, ಅದರ ಮಾರನೇ ದಿನ ಕುರ್ಚಿ. ಅವಳು ಓದಿದ್ದರಲ್ಲಿ ಒಂದು ಮಾತೂ ಸುಳ್ಳಲ್ಲ. ಈಗ ಚುಚ್ಚುವುದು ಅದೇ. ಸುಳ್ಳು ಹೇಳಿದ್ದರೆ ವಾಪಸು ತಗೊಳ್ಳಬಹುದಿತ್ತು. ಚೊಚ್ಚಲ ಮಗನನ್ನು ಅವಳು ಹೆತ್ತದ್ದು ಹಟ್ಟಿಯಾಚೆ ತೆಂಗಿನ ಗರಿಯ ಗುಡ್ಲಿನಲ್ಲಿ, ಆಷಾಢದ ಗಾಳಿಯಲ್ಲಿ. ಗರಿ ಹಾರಿಹೋಗದಂತೆ ಒಂದು ಕೈಯಲ್ಲಿ ಹಿಡಿದುಕೊಂಡು. ಅದನ್ನು ಒಳ್ಳೆಯದು ಅಂದವರ ಬಾಯಿಗೆ ಮಣ್ಣು ಹಾಕಬೇಕು ಎಂದು ಇವತ್ತಿಗೂ ಅನ್ನಿಸುತ್ತದೆ.

ಆದರೆ ಆ ಭಾಷಣದಿಂದ ಹಟ್ಟಿಯಲ್ಲಿ ಏನೂ ಬದಲಾಗಲಿಲ್ಲ. ಹಟ್ಟಿಯ ಗಂಡಸರು ಶಾಮಿಯಾನಕ್ಕೆ ಬಂದಿರಲಿಲ್ಲ. ಹೊರಗಾದವಳು ಮೊದಲಿನಂತೆಯೇ ರಾತ್ರಿ ಹೊರಗಿನ ಕೋಣೆಯಲ್ಲಿ ಸಿಮೆಂಟಿನ ಮೇಲೆ ಮಲಗಬೇಕು. ಬೆಳಿಗ್ಗೆ ಮಾತ್ರ ಅಲ್ಲಿಂದಲೇ ವ್ಯಾನು ಹತ್ತಬೇಕು. ಕೈಬಿಟ್ಟು ಹೋದದ್ದು ಮಧ್ಯದ ಹಗಲಿನ ಬಿಡುವು ಒಂದೇ. ಗುಡ್ಲು ಹೋಗಿ ಸರ್ಕಾರದವರು ಆ ಕೋಣೆ ಕಟ್ಟಿಸಿಕೊಟ್ಟು ಹತ್ತು ವರ್ಷವಾಯಿತು. ಕದವಿಲ್ಲದ ಕಿಟಕಿ, ಮುಂದೆ ಒಂದು ಬೇವಿನ ಮರ. ಅಲ್ಲಿ ಹಗಲು ಯಾರೂ ಯಾರನ್ನೂ ಕರೆಯುವಂತಿರಲಿಲ್ಲ. ನೀರು ತಾ ಅನ್ನುವವರಿಲ್ಲ, ಕುರಿ ನೋಡು ಅನ್ನುವವರಿಲ್ಲ, ಗಂಡ ಇಲ್ಲ, ಚಾಕು ಇಲ್ಲ. ಊಟ ಕೂಡ ಮನೆಯವರೇ ತಂದು ದೂರದಿಂದ ತಟ್ಟೆಗೆ ಹಾಕಬೇಕು. ಇಟ್ಟಿಗೆ ಚೂರಿನಲ್ಲಿ ನೆಲದ ಮೇಲೆ ಮನೆ ಬರೆದು ಚೌಕಾಬಾರ ಆಡುವುದು, ಒಬ್ಬರ ತಲೆ ಒಬ್ಬರು ಹೇನು ನೋಡುವುದು, ಅತ್ತೆಯರ ನಡಿಗೆ ನಡೆದು ತೋರಿಸಿ ಬಿದ್ದು ಬಿದ್ದು ನಗುವುದು. ಬಿಸಿಲು ಏರಿದ ಮೇಲೆ ಗೋಡೆಗೆ ಕಾಲು ಕೊಟ್ಟು ಮಲಗುವುದು. ಮಧ್ಯಾಹ್ನ ಮಲಗಿದರೆ ನಿದ್ದೆ ಬರುತ್ತದೆ ಎಂದು ಮಂಜಮ್ಮನಿಗೆ ಗೊತ್ತಾದದ್ದೇ ಹೊರಗೆ ಕೂತು.

ಅದಕ್ಕೇ ತನ್ನ ಮುಟ್ಟು ನಿಂತಾಗ ಅವಳು ಯಾರಿಗೂ ಹೇಳಲಿಲ್ಲ. ಹೋದ ವರ್ಷ ಯುಗಾದಿ ಆದ ಮೇಲೆ ಒಂದು ತಿಂಗಳು ಬರಲಿಲ್ಲ, ಎರಡು ತಿಂಗಳು ಬರಲಿಲ್ಲ, ಮೈಯೆಲ್ಲ ಬೆಂಕಿ ಹೊತ್ತಿಕೊಂಡು ಆರಿ, ಹೊತ್ತಿಕೊಂಡು ಆರಿ, ಅವಳಿಗೆ ಅರ್ಥವಾಯಿತು. ಇನ್ನು ಸಾಯುವವರೆಗೆ ತಿಂಗಳಿಗೆ ಮೂವತ್ತು ದಿನವೂ ದುಡಿಮೆ. ಮೂರನೇ ತಿಂಗಳು, ಯಾವಾಗಲೂ ಬರುತ್ತಿದ್ದ ದಿನಕ್ಕೆ ಸರಿಯಾಗಿ, ಹಳೆ ಸೀರೆ ಚೂರುಗಳನ್ನು ಸುತ್ತಿಕೊಂಡು ಹೊರಗಾದೆ ಎಂದು ಹೋಗಿ ಕೂತಳು. ಹಾಗೆ ಎಂಟು ತಿಂಗಳು. ಬೇರೆ ಹೆಂಗಸರು ಬಟ್ಟೆ ಒಗೆದು ಹೋದ ಮೇಲೆ ತಾನೊಬ್ಬಳೇ ಕಲ್ಲಿನ ಹತ್ತಿರ ಕೂತು, ಶುದ್ಧವಾಗಿದ್ದ ಚೂರುಗಳನ್ನು ಉಜ್ಜಿ ಉಜ್ಜಿ ಒಗೆದು ಬೇಲಿಯ ಮೇಲೆ ಹರವುತ್ತಿದ್ದಳು. ಗಾಳಿಗೆ ಅವು ಹಾರಾಡುವುದನ್ನು ಕೋಣೆಯೊಳಗಿನಿಂದ ನೋಡುತ್ತಾ ಮಲಗುತ್ತಿದ್ದಳು. ಕಿಟಕಿಯ ಕೆಳಗಿನ ಮೂಲೆ, ಗೋಣಿಚೀಲ, ಗಾಳಿ ಬರುವ ಜಾಗ. ಅವಳು ಹೋದಾಗಲೆಲ್ಲ ಅದು ಖಾಲಿ ಇರುತ್ತಿತ್ತು. ಕುರ್ಚಿ ಸಿಕ್ಕಿದ ವಾರವೇ ನಂದು ನಿಂತೋಯ್ತು ಕಣ್ರೇ ಎಂದು ಎಲ್ಲರ ಮುಂದೆ ಹೇಳಿದಳು. ಸುಳ್ಳಿನ ಅಗತ್ಯ ಮುಗಿದಿತ್ತು.

"ಬಂತು" ಎಂದ ಮಾಯಣ್ಣ.

ಹಟ್ಟಿಯ ಮುಳ್ಳುಬೇಲಿಯ ಬಾಯಲ್ಲಿ ಗೊಲ್ಲರಪ್ಪ ಕಲ್ಲಿನ ಮೇಲೆ ಕೂತು ಹಗ್ಗ ಹೊಸೆಯುತ್ತಿದ್ದ. ಹಟ್ಟಿಯ ಪೂಜಾರಿ ಅವನೇ, ಜುಂಜಮ್ಮನ ಮಾವನೂ ಅವನೇ. ವ್ಯಾನಿನಿಂದ ಇಳಿದ ಮಂಜಮ್ಮನನ್ನು ಅಡಿಯಿಂದ ಮುಡಿಯವರೆಗೆ ನೋಡಿದ.

"ಏನಮ್ಮಿ ಮೇಸ್ತ್ರಿ. ಮುಂದ್ಲ ಸೀಟು ಮೆತ್ತಗೈತಾ?"

"ಐತೆ ಕಣ್ಮಾವ. ನೀನೂ ಒಂದಿನ ಕೂತ್ಕಂಡು ನೋಡು."

"ನಂಗ್ಯಾಕವ್ವ. ಯಾರ್ನ ಹುಡಿಕ್ಕಂಡು ಬಂದೆ?"

"ನಿನ್ನ ಸೊಸೆನೇ."

"ಅವಳು ಹೊರಗಾಗವ್ಳೆ. ನಿಮ್ಮ ಫ್ಯಾಕ್ಟ್ರಿಗೆ ಅದೇನೂ ಇಲ್ವಂತಲ್ಲ ಈಗ, ಕರ್ಕಂಡೋಗು. ದುಡುದ್ರೆ ನಮಗೇನು ನಷ್ಟ." ಮತ್ತೆ ಹಗ್ಗಕ್ಕೆ ತಿರುಗಿದ.

ಅಲ್ಲಿಂದ ಮೂವತ್ತು ಮಾರು ಕೋಣೆ. ಒಳಗೆ ಇಬ್ಬರಿದ್ದರು. ಮದುವೆಯಾಗಿ ವರ್ಷ ತುಂಬದ ಯೋಗಿತಾ ಹೊಟ್ಟೆ ಹಿಡಿದುಕೊಂಡು ಗೋಡೆಗೆ ಒರಗಿದ್ದಳು. ಅವಳು ಫ್ಯಾಕ್ಟರಿಯ ಕೆಲಸದವಳಲ್ಲ. ಜುಂಜಮ್ಮ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು. ಬಲಗೈ ಸೆರಗಿನೊಳಗೆ, ಎದೆಯ ಹತ್ತಿರ.

"ಅಲ್ಲೇ ನಿಂತ್ಕಳಕ್ಕ" ಎಂದಳು ಯೋಗಿತಾ. "ನಿಂದು ಮುಗಿದೈತೆ. ನಮ್ಮನ್ನ ಮುಟ್ಟುದ್ರೆ ಮೇಸ್ತ್ರಮ್ಮ ಆದ್ರೂ ತಲೆ ಮ್ಯಾಲೆ ನೀರು ಹುಯ್ಕಂಡೇ ಹಟ್ಟಿಗೋಗ್ಬೇಕು."

"ಮುಟ್ಟಾಕೆ ಬಂದಿಲ್ಲ ಕಣೇ. ಜುಂಜಿ, ಏಳು. ಲೋಡು ಹೋಗ್ಬೇಕಂತೆ."

"ಇವತ್ತೊಂದಿನ ಬುಟ್ಬುಡಕ್ಕ. ನಾಳಿಕ್ಕೆ ಬತ್ತೀನಿ."

"ಇವತ್ತೇ ಬೇಕಂತೆ."

"ಸತ್ತೋದ್ಲು ಅಂತ ಹೇಳು."

"ಹೇಳುದ್ರೆ ಹೆಣನೇ ತಗಂಬಾ, ಕೈಯಾದ್ರೂ ಆಡ್ತದೇನೋ ನೋಡಾನ ಅಂತಾನೆ."

ಯೋಗಿತಾ ಹೊಟ್ಟೆ ಹಿಡಿದುಕೊಂಡೇ ನಕ್ಕಳು. ಜುಂಜಮ್ಮನ ಬೆನ್ನೂ ಅಲುಗಿತು. ಮಂಜಮ್ಮನಿಗೂ ನಗು ಬಂತು, ಎಷ್ಟೋ ತಿಂಗಳ ಮೇಲೆ ಹೊಟ್ಟೆಯೊಳಗಿನಿಂದ. ಬೇವಿನ ನೆರಳು ಬಾಗಿಲಿನವರೆಗೆ ಬಂದಿತ್ತು. ಕಿಟಕಿಯ ಕೆಳಗೆ ಗೋಣಿಚೀಲ ಹಾಗೇ ಇತ್ತು. ಮೈಗೆ ಮತ್ತೆ ಬೆಂಕಿ ಹತ್ತಿಕೊಂಡಿತು, ಕುತ್ತಿಗೆಯಿಂದ ಕಿವಿಯವರೆಗೆ. ಒಳಗೆ ಹೋಗಿ ಆ ಚೀಲದ ಮೇಲೆ ಮಲಗಿಬಿಟ್ಟರೆ. ಮಾಯಣ್ಣ ಹಾರನ್ ಹೊಡೆದು ಹೊಡೆದು ಹೋಗಲಿ. ಆಗ ಚಿಕ್ಕಗೌರಮ್ಮನ ಚಾಕು ನಿಂತದ್ದು ಮತ್ತೆ ಕೇಳಿಸಿತು. ಆ ಕ್ಷಣದಲ್ಲೇ ಚಿಕ್ಕಗೌರಮ್ಮ ಮನಸ್ಸಿನಲ್ಲಿ ಕುರ್ಚಿ ಒರೆಸಿಕೊಂಡು ಕೂತಾಗಿತ್ತು. ರಸ್ತೆಯಿಂದ ನಿಜವಾಗಿಯೂ ಹಾರನ್ ಬಂತು. ಏಕೋ ಏನೋ ಮಂಜಮ್ಮ ಲೆಕ್ಕ ಹಾಕಿದಳು. ಹಟ್ಟಿಯಲ್ಲಿ ಪ್ರತಿ ಹೆಂಗಸಿಗೂ ಇನ್ನೊಬ್ಬ ಹೆಂಗಸಿನ ದಿನ ಗೊತ್ತಿರುತ್ತದೆ, ಹಸು ಕರೆಯುವ ಹೊತ್ತು ಗೊತ್ತಿರುವಂತೆ. ಜುಂಜಮ್ಮನದು ಅಮಾವಾಸ್ಯೆಯ ಆಸುಪಾಸು.

"ಜುಂಜಿ. ಅಮಾಸೆ ಮಾರನೇ ದಿನ ನೀನು ಇಲ್ಲಿಂದ್ಲೇ ವ್ಯಾನ್ ಹತ್ತುದ್ಯಲ್ಲೇ. ಅದಾಗಿ ಇನ್ನೂ ಹನ್ನೊಂದು ದಿನ."

ಬೆನ್ನು ಅಲುಗುವುದು ನಿಂತಿತು.

"ಮೆಲ್ಲಕ್ಕೆ ಮಾತಾಡಕ್ಕ" ಎಂದಳು ಜುಂಜಮ್ಮ, ತಿರುಗದೆಯೇ.

ಮೆಲ್ಲಗೆ ಮಾತಾಡಬಹುದಿತ್ತು. ಪುಡಿ ಮಾಡುವ ಮಿಷನ್ನಿನ ಸದ್ದಿನ ಮೇಲೆ ಇಪ್ಪತ್ತೆರಡು ವರ್ಷ ಕೂಗಿ ಮಾತಾಡಿದ ಗಂಟಲು, ತಾನಾಗಿಯೇ ಏರಿತು ಎಂದು ಆಮೇಲೆ ದಾರಿಯುದ್ದ ಹೇಳಿಕೊಂಡಳು. ಆದರೆ ಗಂಟಲು ಮಾತ್ರ ಏರಲಿಲ್ಲ. ಮುಖವೂ ತಿರುಗಿತ್ತು, ಬೇಲಿಯ ಬಾಯಿಯ ಕಡೆಗೆ, ಹಗ್ಗ ಹೊಸೆಯುವವನ ಕಡೆಗೆ. ಅದು ತಾನಾಗಿ ತಿರುಗಲಿಲ್ಲ, ಅವಳೇ ತಿರುಗಿಸಿದಳು.

"ಹೊರಗಾಗದೆ ಹೊರಗೆ ಕೂತಿದ್ದೀಯಲ್ಲೇ, ನಾಚಿಕೆ ಆಗಲ್ವಾ ನಿಂಗೆ? ಅಲ್ಲಿ ಕೆಲಸಕ್ಕೂ ಸುಳ್ಳು, ಇಲ್ಲಿ ದೇವರಿಗೂ ಸುಳ್ಳು."

ಯೋಗಿತಾ ಎರಡೂ ಕೈಯಲ್ಲಿ ಬಾಯಿ ಮುಚ್ಚಿಕೊಂಡಳು. ಗೊಲ್ಲರಪ್ಪ ಎದ್ದು ನಿಂತ. ಓಡಿ ಬರಲಿಲ್ಲ, ಕೂಗಲಿಲ್ಲ. ಹಗ್ಗವನ್ನು ಕಲ್ಲಿನ ಮೇಲಿಟ್ಟು, ಹೆಗಲ ಮೇಲಿನ ಟವಲು ಕೊಡವಿ, ಮುಂದೆ ನಡೆದು ಬಂದು, ಕೋಣೆಗೆ ಎಷ್ಟು ದೂರ ನಿಲ್ಲಬೇಕೋ ಅಷ್ಟು ದೂರ ನಿಂತ. "ಸಂಜೆ ಬಾರಮ್ಮ" ಎಂದ ಸೊಸೆಗೆ, ಮೆತ್ತಗೆ. "ಎಲ್ರೂ ಕೂತು ಮಾತಾಡಾನ." ಆ ಮೆತ್ತಗಿನ ದನಿ ಮಂಜಮ್ಮನಿಗೆ ಗೊತ್ತು. ಎಲ್ಲರೂ ಕೂತು ಮಾತಾಡುವಾಗ ಹೆಂಗಸು ನಿಂತಿರಬೇಕು. ತಣ್ಣೀರು ಹುಯ್ಯುತ್ತಾರೆ, ತಪ್ಪುಕಾಣಿಕೆ ಕಟ್ಟಿಸುತ್ತಾರೆ, ಅದಾದ ಮೇಲೆ ಮನೆಯೊಳಗೆ ಗಂಡನದು ಬೇರೆ. ಇನ್ನು ಮುಂದೆ ಜುಂಜಮ್ಮ ಹೊರಗಾದೆ ಎಂದಾಗಲೆಲ್ಲ ಅತ್ತೆ ಬಂದು ಬಟ್ಟೆ ನೋಡುತ್ತಾಳೆ. ಅವಳದೊಂದೇ ಅಲ್ಲ, ಎಲ್ಲರದೂ.

ಜುಂಜಮ್ಮ ಎದ್ದಳು. ಮಂಜಮ್ಮನ ಮುಖ ನೋಡಲಿಲ್ಲ. ಚಪ್ಪಲಿ ಹಾಕಿಕೊಂಡು, ಅವಳನ್ನು ಮುಟ್ಟದಂತೆ ಸುತ್ತಿ, ವ್ಯಾನಿನ ಹಿಂದಿನ ಬಾಗಿಲು ಎಡಗೈಯಲ್ಲಿ ಎಳೆದು ಹತ್ತಿದಳು. ಮಂಜಮ್ಮ ಒಂದು ಕ್ಷಣ ಯಾವ ಬಾಗಿಲು ಎಂದು ನಿಂತಳು. ಮುಂದಿನದನ್ನೇ ತೆಗೆದಳು.

ಮಾಯಣ್ಣ ಹಾಡು ಹಾಕಿದ, ತಾನೇ ನಿಲ್ಲಿಸಿದ. ಕನ್ನಡಿಯಲ್ಲಿ ಮಂಜಮ್ಮನಿಗೆ ಹಿಂದಿನ ಸೀಟು ಕಾಣುತ್ತಿತ್ತು. ಜುಂಜಮ್ಮ ಸೆರಗಿನಿಂದ ಬಲಗೈ ಹೊರಗೆ ತೆಗೆದು ತೊಡೆಯ ಮೇಲೆ ಇಟ್ಟುಕೊಂಡಿದ್ದಳು. ಹೆಬ್ಬೆರಳಿಗೆ ಅರಿಶಿನ ಮೆತ್ತಿದ ಬಟ್ಟೆ. ಬಟ್ಟೆಯ ಕೆಳಗೆ ಅಂಗೈ ಊದಿ ಹೊಳೆಯುತ್ತಿತ್ತು.

"ಏನಾಗೈತೆ ಕೈಗೆ?"

"ಸೋಮವಾರ ಚಾಕು ಹೋಯ್ತು. ಮೂಳೆ ತಂಕ."

"ನಂಗ್ಯಾಕೆ ಹೇಳ್ನಿಲ್ಲ?"

"ಹೇಳುದ್ರೆ? ಕೈಗೆ ಗಾಯ ಇದ್ದೋರು ಪುಡಿ ಕೆಲ್ಸಕ್ಕೆ ಬರಬಾರ್ದು ಅಂತ ಬೋರ್ಡು ಹಾಕಿಲ್ವಾ ಅಲ್ಲಿ. ವಾಸಿಯಾಗಿ ಬರಾ ಹೊತ್ಗೆ ನನ್ನ ಮಣೆ ಮ್ಯಾಲೆ ಇನ್ನೊಬ್ಬಳು ಕೂತಿರ್ತಾಳೆ. ಮನೇಲಿ ಹೇಳುದ್ರೆ, ಒಂದು ಬೆರಳು ತಾನೆ, ಇನ್ನೊಂಬತ್ತು ಇಲ್ವಾ ಅಂತಾರೆ. ಈ ಸಲ ಬೇಗ್ನೆ ಆಗೋಯ್ತು ಅಂತ ಅತ್ತೆಗೆ ಹೇಳಿ ಬಂದು ಕೂತೆ, ಮೂರು ದಿನ ನೀರು ಸೋಕ್ದಂಗೆ ಇಟ್ಕಂಡ್ರೆ ಆರ್ತದೆ ಅಂದ್ಕಂಡೆ. ನೀರು ಸೋಕ್ದಂಗೆ ಇರಾಕೆ ಇನ್ಯಾವ ಜಾಗ ಐತಕ್ಕ ನಮಗೆ."

ಮಂಜಮ್ಮ ಕಿಟಕಿಯ ಆಚೆ ನೋಡಿದಳು. ತೆಂಗು ಮತ್ತೆ ಒತ್ತೊತ್ತಾಗಿ ಬರತೊಡಗಿತ್ತು. ಏನಾದರೂ ಹೇಳಬೇಕು. ಹೇಳಿದರೆ ಅದು ಮೇಸ್ತ್ರಿಯ ಮಾತಾಗುತ್ತದೆ, ಬೈದರೂ, ಅತ್ತರೂ. "ಆದ್ರೂ ದೇವರ ವಿಷಯ ಕಣೇ" ಎಂದು ತನಗೇ ಕೇಳದಷ್ಟು ಸಣ್ಣಗೆ ಅಂದಳು. ಕೇಳಬೇಕಾದವಳಿಗೆ ಕೇಳಿಸಿತು.

"ಹೋದ ವರ್ಷ ನೀನು ಒಬ್ಬಳೇ ಹೋಗಿ ಬಟ್ಟೆ ಒಗೀತಿದ್ದೆ" ಎಂದಳು ಜುಂಜಮ್ಮ. ದನಿಯಲ್ಲಿ ಕೋಪವಿರಲಿಲ್ಲ. ಇದ್ದಿದ್ದರೆ ತಿರುಗಿ ಬೈಯಬಹುದಿತ್ತು. "ನೀನು ಒಗೆಯೋ ಕಲ್ಲಿನ ನೀರು ನಮ್ಮ ಕಿಟಕಿ ಮುಂದಿನ ಕಾಲುವೇಲೇ ಹರಿಯೋದು. ತಿಳಿಯಾಗಿ ಹರೀತಿತ್ತು ಕಣಕ್ಕ. ಎಂಟು ತಿಂಗಳೂ. ನಾವೇನು ಕುರುಡಿಯರಾ? ಒಂದಿನ ನನ್ನ ಅತ್ತೆ ಬಂದು ಮಂಜಿದು ಇನ್ನೂ ನಿಂತಿಲ್ವೇನ್ರೇ ಅಂತ ಕೇಳುದ್ಲು. ನಿಂತಿಲ್ಲ, ನಾವೇ ಕಂಡಿದೀವಿ ಅಂತ ಕೋಣೇಲಿದ್ದ ಮೂರು ಜನಾನೂ ಒಂದೇ ಸಲಕ್ಕೆ ಅಂದ್ವು. ದೇವರ ಮ್ಯಾಲೆ ಆಣೆ ಮಾಡುಸ್ಕಂಡ್ಳು. ಮಾಡುದ್ವು."

ಮಾಯಣ್ಣ ರಸ್ತೆಯಿಂದ ಕಣ್ಣು ತೆಗೆಯಲಿಲ್ಲ. ಅವನ ಕಿವಿ ಕೆಂಪಾಗಿತ್ತು.

ಫ್ಯಾಕ್ಟರಿಯ ಗೇಟಿನಲ್ಲಿ ಇಳಿದಾಗ ಶಿವಮೂರ್ತಿ ಆಫೀಸಿನ ಬಾಗಿಲಲ್ಲಿ ನಿಂತು ಯಾರೊಂದಿಗೋ ಫೋನಿನಲ್ಲಿ ನಗುತ್ತಿದ್ದ. ಶೆಡ್ಡಿಗೆ ಹೋಗಬೇಕಾದರೆ ಅವನ ಮುಂದೆಯೇ ಹೋಗಬೇಕು. ಮಂಜಮ್ಮ ಜುಂಜಮ್ಮನನ್ನು ಕೈ ತೊಳೆಯುವ ನಲ್ಲಿಯ ಹಿಂದಕ್ಕೆ ಕರೆದುಕೊಂಡಳು. ಅಲ್ಲಿ ಗೂಡಿನಲ್ಲಿ ನೀಲಿ ರಬ್ಬರ್ ಗ್ಲೌಸಿನ ಡಬ್ಬಿ ಇರುತ್ತದೆ, ಇನ್‌ಸ್ಪೆಕ್ಟರು ಬಂದ ದಿನ ಹಾಕಿಕೊಳ್ಳಲು. ಮನೆಗೆ ಹೋಗು, ಏನಾದರೂ ಆಗಲಿ ನಾನು ಹೇಳಿಕೊಳ್ಳುತ್ತೇನೆ ಅನ್ನುವ ಮಾತು ಬಾಯಿಯವರೆಗೆ ಬಂತು. ಯಾವ ಮನೆಗೆ? ಅದರ ಬಾಗಿಲು ಮುಚ್ಚಿ ಬಂದವಳು ತಾನೇ. ಒಂದು ಗ್ಲೌಸು ತೆಗೆದು, ಬಾಯಿ ಅಗಲ ಮಾಡಿ ಹಿಡಿದಳು. "ಹಾಕ್ಕೋ. ಯಾರಿಗೂ ಕಾಣಲ್ಲ." ಜುಂಜಮ್ಮ ಚಿಕ್ಕ ಮಗುವಿನಂತೆ ಕೈ ಒಡ್ಡಿದಳು. ರಬ್ಬರು ಹೆಬ್ಬೆರಳಿನ ಮೇಲೆ ಸಿಕ್ಕಿಕೊಂಡಿತು. ಮಂಜಮ್ಮ ಎಳೆದಳು. ಇನ್ನೊಂದು ಸಲ ಎಳೆದಳು. ಜುಂಜಮ್ಮ ತುಟಿ ಕಚ್ಚಿ ನಲ್ಲಿಯ ಕಂಬ ಹಿಡಿದುಕೊಂಡಳು. ಗ್ಲೌಸು ಕೂತಿತು. ಅದರೊಳಗಿನ ಬಿಸಿ ಮಂಜಮ್ಮನ ಬೆರಳಿಗೆ ತಾಗಿತು, ಜ್ವರ ಬಂದವರ ಹಣೆಯ ಬಿಸಿ.

"ಬಂದ್ಲಾ?" ಎಂದ ಶಿವಮೂರ್ತಿ, ಫೋನು ಕಿವಿಯಿಂದ ಸರಿಸಿ. "ನೋಡು, ನೀನಾದ್ರೆ ಆಗ್ತದೆ." ಮತ್ತೆ ಫೋನಿನಲ್ಲಿ ನಕ್ಕ.

ಶೆಡ್ಡಿನಲ್ಲಿ ಜುಂಜಮ್ಮ ತನ್ನ ಮಣೆಯ ಮೇಲೆ ಕೂತು, ಗ್ಲೌಸಿನ ಕೈಯಲ್ಲಿ ಕಾಯಿ ಹಿಡಿದು, ಎಡಗೈಗೆ ಚಾಕು ತೆಗೆದುಕೊಂಡಳು. ಮೊದಲನೇ ಕಾಯಿ ಜಾರಿ ಬಿತ್ತು. ಎರಡನೆಯದು ನಿಂತಿತು. ಪಕ್ಕದ ಚಿಕ್ಕಗೌರಮ್ಮ ಒಂದು ಸಲ ಆ ಕೈ ನೋಡಿದಳು, ಇನ್ನೊಂದು ಸಲ ಮಂಜಮ್ಮನನ್ನು ನೋಡಿದಳು. ತನ್ನ ರಾಶಿಯನ್ನು ಇನ್ನಷ್ಟು ಹತ್ತಿರಕ್ಕೆ ಎಳೆದುಕೊಂಡು, ಜುಂಜಮ್ಮ ಹೆರೆಯಬೇಕಾದ ಕಾಯಿಗಳನ್ನು ಎರಡಕ್ಕೊಂದರಂತೆ ತನ್ನ ಕಡೆಗೆ ಉರುಳಿಸಿಕೊಳ್ಳತೊಡಗಿದಳು.

ಮಂಜಮ್ಮ ಕುರ್ಚಿಯಲ್ಲಿ ಕೂತಳು. ತಂತಿ ಸುತ್ತಿದ ಕಾಲು ಕಿರ್ ಅಂದಿತು. ಮತ್ತೆ ಬೆಂಕಿ ಎದ್ದಿತು, ಎದೆಯಿಂದ ಕುತ್ತಿಗೆಗೆ, ಕುತ್ತಿಗೆಯಿಂದ ಕಿವಿಗೆ. ಸೆರಗಿನಿಂದ ಗಾಳಿ ಹಾಕಿಕೊಂಡಳು, ಆರಲಿಲ್ಲ. ಒಂದು ಗಳಿಗೆ ಎಲ್ಲಾದರೂ ಒರಗಬೇಕು ಅನ್ನಿಸಿತು. ಕಣ್ಣು ಮುಚ್ಚಿದರೆ ಕಿಟಕಿಯ ಕೆಳಗಿನ ಮೂಲೆ ಬಂತು, ಗೋಣಿಚೀಲ ಬಂತು. ಒಂದು ಮಧ್ಯಾಹ್ನ ಆ ಪುಟ್ಟ ಕೋಣೆಯಲ್ಲಿ ಐದು ಜನ ಇದ್ದರು, ಒಬ್ಬಳು ಬಾಣಂತಿ, ಕಾಲು ಚಾಚಲು ಜಾಗವಿರಲಿಲ್ಲ. ಆವತ್ತೂ ಗಾಳಿ ಬರುವ ಆ ಒಂದು ಮೂಲೆ ಖಾಲಿ ಇತ್ತು. ಅದು ಸುಮ್ಮನೆ ಖಾಲಿ ಇದೆ ಎಂದುಕೊಂಡು ಅವಳು ಹೋಗಿ ಮಲಗಿದ್ದಳು.